ಅಷ್ಟೂ ಅಂಗಿ ಹೊಲಿದವರು ಯಾರು

ಸುಜಾತಾ, ಪ್ರಭು, ಗೌರಿ, ನಿಮ್ಮ ಮುತ್ತಜ್ಜನ ಬಾಯಲ್ಲಿ ಯಾವಾಗಲೂ ಮೂರು ಟಾಚಣಿ ಇರುತ್ತಿದ್ದವು. ಗುಂಡು ತಲೆಯ ಆ ಪಿನ್ನುಗಳನ್ನು ಎಡತುಟಿಯ ಮೂಲೆಯಲ್ಲಿ ಕಚ್ಚಿಕೊಂಡೇ ಅವರು ಗಿರಾಕಿಗಳನ್ನು ಮಾತನಾಡಿಸುತ್ತಿದ್ದರು, ನನ್ನ ಅತ್ತೆಯನ್ನು ಬೈಯುತ್ತಿದ್ದರು, ಕೆಮ್ಮುತ್ತಿದ್ದರು. ಮಾತಿಗೊಮ್ಮೆ ಅವು ಮೇಲೆ ಕೆಳಗೆ ಕುಣಿಯುತ್ತಿದ್ದವು. ಎಂದಾದರೂ ನುಂಗಿಬಿಟ್ಟಾರೆಂದು ನೋಡುವವರಿಗೆ ಜೀವ ಹಾರುತ್ತಿತ್ತು. ಅವರು ಒಂದನ್ನೂ ನುಂಗಲಿಲ್ಲ. ಉಣ್ಣುವಾಗ, ಲಿಂಗಪೂಜೆಗೆ ಕೂಡುವಾಗ, ಮಲಗುವಾಗ ಬಿಟ್ಟರೆ ತೆಗೆದದ್ದೂ ಇಲ್ಲ. ಅವರಾಗಿಯೇ ಮಾತಿನ ನಡುವೆ ಅವನ್ನು ತೆಗೆದಿಟ್ಟದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನನಗೆ ಅವರು ಮಾವ. ಸಂತಪುರದಿಂದ ಹಲಬರ್ಗಾಕ್ಕೆ ಸೊಸೆಯಾಗಿ ಬಂದಾಗ ನನಗೆ ಸೀರೆ ನಿಲ್ಲುತ್ತಿರಲಿಲ್ಲ, ಅಷ್ಟು ಸಣ್ಣವಳು. ನಮ್ಮದು ಸಿಂಪಿಗರ ಮನೆ. ಮುಂದಿನ ಪಡಸಾಲೆಯಲ್ಲಿ ಮಾವನ ಹೊಲಿಗೆ ಮಿಶನ್, ಅದರ ಹಿಂದೆ ಒಂದು ಬಾಗಿಲು, ಬಾಗಿಲಿನ ಒಳಗೆ ನಾವು ಹೆಂಗಸರು. ಸೊಸೆಯಾದವಳು ಮಾವನ ಎದುರು ಬರಬಾರದು, ಅವರ ಕಿವಿಗೆ ಬೀಳುವಂತೆ ಮಾತನಾಡಬಾರದು. ಹುಟ್ಟಾ ನಾಚಿಕೆಯ ನನಗೆ ಆ ಪದ್ಧತಿ ಬಹಳ ಹಿತವಾಗಿತ್ತು. ಮಾವ ಅದನ್ನೇ ಕೆಡಿಸಿದರು.

ತಪ್ಪು ನನ್ನ ಅಪ್ಪನದು. ಆಗ ನಮ್ಮದು ಹೈದರಾಬಾದ್ ಸಂಸ್ಥಾನ. ಸರಕಾರಿ ಸಾಲೆಯಲ್ಲೆಲ್ಲ ಉರ್ದು. ಸಂತಪುರದಲ್ಲಿ ಒಬ್ಬ ಮಾಸ್ತರರು ತಮ್ಮ ಮನೆಯ ಕಟ್ಟೆಯ ಮೇಲೆ ಖಾಸಗಿಯಾಗಿ ಕನ್ನಡ ಕಲಿಸುತ್ತಿದ್ದರು. ಅಲ್ಲಿ ನಾನು ನಾಲ್ಕು ವರ್ಷ ಕಲಿತಿದ್ದೆ. ಮದುವೆಯ ಮಾತಿನಲ್ಲಿ ಅಪ್ಪ ಅದನ್ನು ಹೆಮ್ಮೆಯಿಂದ ಹೇಳಿಬಿಟ್ಟರು. ಮಾವನಿಗೆ ಓದಲು ಬರುತ್ತಿರಲಿಲ್ಲ, ಟೇಪಿನ ಮೇಲಿನ ಅಂಕಿ ಬಿಟ್ಟರೆ ಬೇರೆ ಅಕ್ಷರ ಗೊತ್ತಿರಲಿಲ್ಲ. ನಾನು ಬಂದ ಒಂಬತ್ತನೆಯ ದಿನ ಬಾಗಿಲ ಸಂದಿಯಿಂದ ಅಂಗಿಯ ಒಂದು ತೋಳು ಒಳಗೆ ಬಂತು. ಕಾಗದದ ತೋಳು.

“ಯವ್ವಾ, ಇದರಾಗ ಏನ್ ಬರದದ ಓದು.”

ನಾನು ಗೋಡೆಗೆ ಅಂಟಿಕೊಂಡೆ. ಅತ್ತೆ ಹಣೆ ಬಡಿದುಕೊಂಡರು.

ಆ ಕಾಗದದ ವಿಷಯ ನಿಮಗೆ ತಿಳಿಯಬೇಕು. ಭಾಲ್ಕಿಯ ಅರಿವೆ ಅಂಗಡಿಗೆ ಸೊಲ್ಲಾಪುರದಿಂದ ಬಟ್ಟೆಯ ಥಾನುಗಳು ಬರುತ್ತಿದ್ದವು. ಅವುಗಳಿಗೆ ಸುತ್ತಿದ್ದ ಹಳೆಯ ಕನ್ನಡ ಪೇಪರನ್ನು ಮಾವ ಕಟ್ಟುಗಟ್ಟಲೆ ತರುತ್ತಿದ್ದರು. ಊರಿನ ಪ್ರತಿಯೊಬ್ಬ ಗಂಡಸಿನ ಅಳತೆಗೆ ಒಂದೊಂದು ಅಚ್ಚನ್ನು, ಅಂದರೆ ಬೆನ್ನು, ಎದೆ, ತೋಳು, ಕಾಲರ್, ಆ ಪೇಪರಿನಲ್ಲಿ ಕತ್ತರಿಸಿ ದಾರಕ್ಕೆ ಪೋಣಿಸಿ ಮೊಳೆಗೆ ತೂಗುಹಾಕುತ್ತಿದ್ದರು. ಹೆಸರು ಬರೆಯಲು ಬಾರದಿದ್ದರೂ ಯಾವ ಮೊಳೆ ಯಾರದೆಂದು ಅವರಿಗೆ ಗೊತ್ತು. ಊರಿನ ಗಂಡಸರೆಲ್ಲ ನಮ್ಮ ಗೋಡೆಗೆ ತೂಗಾಡುತ್ತಿದ್ದರು.

ಆ ಪೇಪರುಗಳಲ್ಲೊಂದರಲ್ಲಿ ಮಾವ ಒಂದು ಚಿತ್ರ ನೋಡಿದ್ದರು. ಪರದೇಶದ ಗಂಡಸರು ಸಾಲಾಗಿ ನಡೆಯುತ್ತಿದ್ದಾರೆ, ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಬೇರೆ ಯಾರಾದರೂ ಆಗಿದ್ದರೆ ಮುಂದಿದ್ದ ಬೋಳುತಲೆಯ ನಾಯಕನನ್ನು ನೋಡುತ್ತಿದ್ದರು. ಮಾವ ನೋಡಿದ್ದು ಹೊಲಿಗೆಯನ್ನು. “ಒಂದ ಅಳತಿಗಿ ಹೊಲದಾರ! ಈ ದಪ್ಪನವಗ ಹೊಟ್ಟಿ ಮ್ಯಾಲೆ ಎಳದದ, ಈ ಬಡಕಗ ಭುಜ ಇಳದದ. ಯಾವ ಸಿಂಪಿಗ್ಯಾ ಇಂಥಾ ಕೆಲಸ ಮಾಡ್ಯಾನ?” ಕೆಳಗೆ ಏನು ಬರೆದಿದೆ ಎಂದು ಓದಿಹೇಳುವವರು ಅವರಿಗೆ ಹದಿನೈದು ವರ್ಷ ಸಿಕ್ಕಿರಲಿಲ್ಲ. ನಾನು ಸಿಕ್ಕೆ. ಅದು ಇಟಲಿ ದೇಶದ ಚಿತ್ರ ಎಂದು ಓದಿ ಹೇಳಿದೆ.

ಅಂದಿನಿಂದ ನನ್ನ ಗೋಳು ಶುರುವಾಯಿತು. ರೊಟ್ಟಿ ಬಡಿದು ಕೈತೊಳೆಯುವುದರೊಳಗೆ ಬಾಗಿಲಿಂದ ಕೂಗು: “ಓದವ್ವಾ!” ನಾನು ಒಳಗೆ ನಿಂತು ಓದಬೇಕು, ಅವರು ಹೊರಗೆ ಮಿಶನ್ ತುಳಿಯುತ್ತ ಕೇಳಬೇಕು. ಆ ಪೇಪರುಗಳಿಗೆ ಹಿಂದುಮುಂದು ಇರಲಿಲ್ಲ. ಒಂದು ಕಟ್ಟಿನಲ್ಲಿ ಜರ್ಮನಿಯ ಮೋಟುಮೀಸೆಯವನು ರಾಜ್ಯ ಆಳುತ್ತಿದ್ದರೆ ಮುಂದಿನ ಕಟ್ಟಿನಲ್ಲಿ ಜೈಲಿನಲ್ಲಿರುತ್ತಿದ್ದ. “ಇವಂಗ ಮತ್ತ ಹಿಡದ್ರೇನು?” ಎಂದು ಮಾವನಿಗೆ ಖುಷಿ. ಅದು ಹಳೆಯದು ಎಂದು ನಾನು ಬಾಗಿಲ ಹಿಂದಿನಿಂದ ತಿಳಿಸಿ ಹೇಳಬೇಕು. ಇಟಲಿಯಲ್ಲಿ ಕರಿ ಅಂಗಿಯವರು ರಾಜಧಾನಿಗೆ ನಡೆದು ಬಂದಾಗ ಅಲ್ಲಿನ ರಾಜ ತಡೆಯಲಿಲ್ಲ, ಕರೆದು ಅಧಿಕಾರ ಕೊಟ್ಟ ಎಂಬುದು ಒಂದು ಬೆನ್ನಿನ ಮೇಲಿತ್ತು. ಜರ್ಮನಿಯಲ್ಲಿ ಮಂದಿ ತಾವೇ ಮತ ಹಾಕಿದರು, ಆಮೇಲೆ ಬೇರೆ ಪಕ್ಷಗಳನ್ನೆಲ್ಲ ಮುಚ್ಚಿಸಿದರು, ಪುಸ್ತಕ ಸುಟ್ಟರು, ಯಹೂದಿಗಳ ಅಂಗಡಿಗೆ ಗುರುತು ಬಳಿದರು ಎಂಬುದು ಬೇರೆ ಬೇರೆ ತೋಳುಗಳಲ್ಲಿ ಹಂಚಿಹೋಗಿತ್ತು. ನಾನು ಬರುವ ಮೊದಲೇ ಕತ್ತರಿಸಿದ್ದವಾದ್ದರಿಂದ ಯಾವ ಸುದ್ದಿಯೂ ಪೂರ್ತಿ ಇರುತ್ತಿರಲಿಲ್ಲ. ಸರಿಯಾಗಿ ಜೀವ ಹಿಡಿದುಕೊಂಡು ಕೇಳುವ ಹೊತ್ತಿಗೆ ಕಂಕುಳಿಗೆಂದು ಕತ್ತರಿಸಿದ ಜಾಗ ಬರುತ್ತಿತ್ತು.

“ಮುಂದ?”

“ಮುಂದ ಕತ್ತರಿಸ್ಯಾರ್ರಿ ಮಾವ.”

“ಯಾರು?”

“ನೀವರಿ.”

ಇದು ದಿನಕ್ಕೊಮ್ಮೆಯಾದರೂ ನಡೆಯುತ್ತಿತ್ತು. ಮತ್ತು ದಿನಕ್ಕೊಮ್ಮೆ ಅದೇ ಪ್ರಶ್ನೆ: “ಅಷ್ಟೂ ಅಂಗಿ ಹೊಲದವ ಯಾರು? ಆ ಬೋಳತಲಿಯವ ತಾನ ಹೊಲದಿಲ್ಲಲ್ಲ. ಯಾವನೋ ಸಿಂಪಿಗ್ಯಾ ಕೂತು ಹೊಲದಾನ. ಅಂವ ಅವತ್ತ ಮಿಶನ್ ಬಿಟ್ಟು ಎದ್ದಿದ್ರ?”

ಅತ್ತೆ ಒಲೆಯ ಮುಂದೆ ಗೊಣಗುತ್ತಿದ್ದರು: “ಮಂದಿ ಸೊಸೇರು ರೊಟ್ಟಿ ಬಡೀತಾರ, ನಮ್ಮಾಕಿ ಇಟಲಿ ಬಡೀತಾಳ.” ಗಿರಾಕಿಗಳ ಪಾಡು ಇನ್ನೂ ಕಷ್ಟ. ಗುಂಡಿ ಹಚ್ಚಿಸಲು ಬಂದವನಿಗೂ ಮಾವ ಇಟಲಿ ಹೇಳದೆ ಬಿಡುತ್ತಿರಲಿಲ್ಲ. ಕಟ್ಟೆಯ ಮೇಲೆ ಹರಟುತ್ತಿದ್ದವರು “ಏಳ್ರೋ, ಮುತ್ಯಾ ಇಟಲಿ ತಗದ” ಎಂದು ಧೋತರ ಝಾಡಿಸಿಕೊಂಡು ಓಡುತ್ತಿದ್ದರು. ಅರ್ಧ ಅಂಗಿ ಹೊಲಿಸಿಕೊಂಡೇ ಓಡಿದವರೂ ಉಂಟು. ನನಗೆ ಎಷ್ಟು ಬೇಸರ ಬಂದಿತ್ತೆಂದರೆ, ಭೂಪಟದಲ್ಲಿ ಆ ದೇಶ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತಿತ್ತು. ಎಲ್ಲಿಯ ಇಟಲಿ, ಎಲ್ಲಿಯ ಹಲಬರ್ಗಾ!

ಅಲ್ಲಿ ಯುದ್ಧವಾಯಿತು, ಮುಗಿಯಿತು, ಬೋಳುತಲೆಯವನೂ ಮೋಟುಮೀಸೆಯವನೂ ಸತ್ತರು. ಇನ್ನಾದರೂ ಬಿಡುಗಡೆ ಸಿಕ್ಕಿತೆಂದುಕೊಂಡೆ. ಆಗ ಇಲ್ಲಿ ಶುರುವಾಯಿತು.

ಇಂಗ್ರೇಜರು ಹೋದರು. ನಮ್ಮ ಸಂಸ್ಥಾನ ಹಿಂದುಸ್ತಾನಕ್ಕೆ ಸೇರಬಾರದು ಎನ್ನುವವರು ಊರೂರಿಗೆ ಖಾಕಿ ತೊಟ್ಟ ದಳ ಕಟ್ಟಿದರು. ರೈಲು ನಿಲ್ಲುವ ಊರು ನಮ್ಮದು, ನಮ್ಮಲ್ಲಿಗೂ ಬಂದರು. ದಳದ ಮುಖ್ಯಸ್ಥನನ್ನು ಸಾಲಾರ್ ಎನ್ನುತ್ತಿದ್ದರು. ಅವನು ಭಾಲ್ಕಿ ಕಡೆಯಿಂದ ಖಾಕಿಯ ಥಾನು ಹೊರಿಸಿಕೊಂಡು ಬಂದು ಮಾವನ ಮುಂದೆ ಒಗೆದ.

“ಎಂಟ ದಿನದಾಗ ನಲವತ್ತ ಅಂಗಿ. ಸಮ್ಝಾ?”

“ಆಗ್ಲಿ ಸಾಹೇಬ್ರ. ತೊಡೋ ಮಂದೀನ್ನ ಕಳಸ್ರಿ, ಅಳತಿ ತಗೋತೇನಿ.”

“ಅಳತಿ ಯಾಕ? ಒಂದ ಸೈಜ್ ಹೊಲಿ.”

“ಒಂದ ಸೈಜಿಂದಕ್ಕ ಗೋಣಿಚೀಲ ಅಂತಾರ್ರಿ. ನಾ ಅಂಗಿ ಹೊಲಿಯಾಂವ.”

ಬಾಗಿಲ ಹಿಂದೆ ನಾನು ಅಗುಳಿಗೆ ಕೈ ಹಾಕಿದೆ. ಆದರೆ ಸಾಲಾರ್ ನಕ್ಕ, ಮುದುಕ ಕೆಲಸದಲ್ಲಿ ಹಟಮಾರಿ ಎಂದುಕೊಂಡ. ಹುಡುಗರು ಒಬ್ಬೊಬ್ಬರೇ ಅಳತೆಗೆ ಬರತೊಡಗಿದರು. ಮಾವ ಒಬ್ಬೊಬ್ಬನಿಗೂ ಒಂದೊಂದು ಮಧ್ಯಾಹ್ನ ತೆಗೆದುಕೊಳ್ಳುತ್ತಿದ್ದರು. “ಯಾರ ಮಗ ನೀ? ಹೌದೇನು? ನಿಮ್ಮಪ್ಪನ ಲಗ್ನದ ಶೇರವಾನಿ ನಾನ ಹೊಲದೇನಿ. ಅಂವ ಎಂದೂ ಎದಿ ಉಬ್ಬಸ್ತಿದ್ದಿಲ್ಲ. ನೀ ಯಾಕ ಉಬ್ಬಸ್ತಿ? ಉಸಿರ ಬಿಡು. ಹಾಂ, ಈಗ ನಿನ್ನ ಅಳತಿ ಸಿಕ್ತು.” ಅದರ ಜೊತೆ ಇಟಲಿ. ಕೆಲವರು ಎರಡನೆಯ ಸಲ ಬರಲೇ ಇಲ್ಲ. ದಳಕ್ಕೂ ಹೋಗುವುದನ್ನು ಬಿಟ್ಟರೆಂದು ಕೇಳಿದೆ. ಮಾವನ ಮಾತಿಗೆ ಬಿಟ್ಟರೋ, ಇಟಲಿಗೆ ಹೆದರಿ ಬಿಟ್ಟರೋ ನಾನು ಹೇಳಲಾರೆ.

ತಿಂಗಳಾದರೂ ಒಂದೂ ಅಂಗಿ ತಯಾರಾಗಲಿಲ್ಲ. ಸಾಲಾರ್ ಮತ್ತೆ ಬಂದ. ಈ ಸಲ ನಗಲಿಲ್ಲ.

“ಶುಕ್ರವಾರದೊಳಗ ಇಪ್ಪತ್ತಾದ್ರೂ ಆಗಬೇಕು. ಇಲ್ಲಂದ್ರ ಮಿಶನ್ನೂ ಒಯ್ತೇನಿ, ಭಾಲ್ಕಿ ಅಂಗಡ್ಯಾಗಿನ ನಿನ್ನ ಮಗನ್ನೂ ಒಯ್ತೇನಿ.”

ಆ ಮಗ ಅಂದರೆ ನಿಮ್ಮ ಅಜ್ಜ. ಅವರು ದಿನಾ ರೈಲಿನಲ್ಲಿ ಭಾಲ್ಕಿಗೆ ಹೋಗಿ ಅರಿವೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. ನಿಮ್ಮಪ್ಪ ನನ್ನ ಮಡಿಲಲ್ಲಿದ್ದ. ಅಂದು ರೊಟ್ಟಿ ಮುರಿಯುತ್ತ ಮಾವ ಹೇಳಿದ್ದೇನು ಗೊತ್ತೇ? “ಇಟಲ್ಯಾಗೂ ಹಿಂಗ ಆಗಿರಬೇಕು.” ನನಗೆ ತಟ್ಟೆ ಎತ್ತಿ ಒಗೆಯಬೇಕೆನಿಸಿತು.

ಅದೇ ವಾರ ಕಮಲನಗರದಲ್ಲಿ ಮಾವನ ಅಕ್ಕ ತೀರಿಕೊಂಡ ಸುದ್ದಿ ಬಂತು. ಮಾವ ಅಲ್ಲಿಗೆ ಹೋದರು, ಮೂರು ದಿನ ಬರುವಂತಿರಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಬಾಗಿಲ ಸಂದಿಯಿಂದ ಹತ್ತು ವರ್ಷ ನೋಡಿ ನೋಡಿ ನನಗೆ ಹೊಲಿಗೆ ಬಂದಿತ್ತು. ಗೋಡೆಯಿಂದ ನಿಮ್ಮ ಅಜ್ಜನ ಅಚ್ಚು ಇಳಿಸಿ ಖಾಕಿಯ ಮೇಲೆ ಹಾಸಿ, ಅದೊಂದೇ ಅಳತೆಗೆ ಇಪ್ಪತ್ತು ಅಂಗಿ ಕತ್ತರಿಸಿದೆ. ಅತ್ತೆ ಗುಂಡಿ ಹಚ್ಚಿದರು. ಕಾಜ ಹಾಕಿದ್ದು ಖಾಲಾ.

ಖಾಲಾ ನಮ್ಮ ಹಿತ್ತಲಾಚೆಯ ಮನೆಯ ಮುಸಲ್ಮಾನ ವಿಧವೆ. ಮಾವ ಹೊಲಿದ ಅಂಗಿಗೆಲ್ಲ ಗುಂಡಿಯ ತೂತುಗಳಿಗೆ ದಾರ ಹೆಣೆಯುತ್ತಿದ್ದವಳು ಅವಳೇ. ಅವಳ ಮಗ ಸ್ಟೇಶನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದ, ಬಡಕಲು ದೇಹದವನು. ಕಾಜ ಹಾಕುತ್ತ ಖಾಲಾ ಅಂದಳು: “ನನ್ನ ಮಗಾನೂ ಒಂದ ತೊಡ್ತಾನ ಬೇಟಿ. ತೊಡಲಿಲ್ಲಂದ್ರ ಟಾಂಗಾ ಕಸಗೋತಾರಂತ.” ಅತ್ತೆ ಅವಳ ಸೂಜಿಗೆ ದಾರ ಪೋಣಿಸಿಕೊಟ್ಟರು. ಮೂರು ದಿನದಲ್ಲಿ ಮೂವರು ಹೆಂಗಸರು ಇಪ್ಪತ್ತು ಅಂಗಿ ಮುಗಿಸಿದೆವು. ಶುಕ್ರವಾರ ಅವರು ಬಂದು ಒಯ್ದರು. ನಿಮ್ಮ ಅಜ್ಜ ಎಂದಿನಂತೆ ರೈಲಿನಿಂದ ಇಳಿದು ಮನೆಗೆ ಬಂದರು.

ಮಾವ ಮರಳಿ ಬಂದವರು ಮಿಶನ್ನಿನ ಕೆಳಗೆ ಬಿದ್ದಿದ್ದ ಖಾಕಿ ಚಿಂದಿಯನ್ನು ನೋಡಿದರು. ಅದನ್ನು ಎತ್ತಿ ಮಡಿಚಿಟ್ಟು ಬಾಗಿಲ ಕಡೆ ತಿರುಗಿದರು.

“ಎಷ್ಟ ಹೊಲದಿ?”

“ಇಪ್ಪತ್ತರಿ.”

“ಅಳತಿ?”

“ಒಂದರಿ.”

ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ. ಅವರು ಮಿಶನ್ನಿಗೆ ಎಣ್ಣೆ ಬಿಡುತ್ತ ಮೆಲ್ಲಗೆ ಹೇಳಿದರು: “ಆ ಇಟಲಿ ಸಿಂಪಿಗ್ಯಾನ್ನ ಇಷ್ಟ ವರ್ಷ ಬೈದೆ. ಅಂವನ ಮನ್ಯಾಗೂ ಒಬ್ಬ ಮಗ ಇದ್ದಿರಬೇಕು.”

ಆಮೇಲೆ ಅವರು ಆ ಪ್ರಶ್ನೆಯನ್ನು ಕೇಳುವುದನ್ನೇ ಬಿಟ್ಟರು. ಎಷ್ಟೋ ವರ್ಷ ನನಗೆ ಬೇಸರ ತಂದಿದ್ದ ಪ್ರಶ್ನೆ ನಿಂತುಹೋದಾಗ ಮನೆಯಲ್ಲಿ ಯಾರೋ ಸತ್ತಂತೆ ಆಯಿತು. ತಿಂಗಳೊಳಗೆ ಪಕ್ಕದ ಹಳ್ಳಿಯೊಂದರಲ್ಲಿ ಬಣವೆ ಸುಟ್ಟು ಇಬ್ಬರನ್ನು ಹೊಡೆದು ಹಾಕಿದರೆಂದು ಬಾವಿಯ ಬಳಿ ಕೇಳಿದೆ. “ಎಲ್ಲಾರೂ ಹೊಸಾ ಅಂಗಿ ಹಾಕ್ಕೊಂಡಿದ್ರಂತ” ಅಂದಳು ಒಬ್ಬಳು. ನಾನು ಕೊಡ ತುಂಬಿಸದೆ ಬಂದೆ.

ಪೊಲೀಸ್ ಆಕ್ಷನ್ ಬಂತು. ನಾಲ್ಕೈದು ದಿನ, ಅಷ್ಟೇ. ಹಿಂದುಸ್ತಾನದ ಸೈನ್ಯ ಬೀದರ್ ಹೊಕ್ಕಿತೆಂಬ ಸುದ್ದಿ ಬರುವುದರೊಳಗೆ ಸಾಲಾರ್ ಊರು ಬಿಟ್ಟಿದ್ದ. ಜನ ಕುಣಿದರು, ನಾವೂ ಸಕ್ಕರೆ ಹಂಚಿದೆವು. ಸಂತೋಷ ಸುಳ್ಳಲ್ಲ. ಆದರೆ ಕೇಡು ಮಾಡಿದವರು ಓಡಿಹೋಗಿದ್ದರು. ಕೈಗೆ ಸಿಕ್ಕವರು ಓಡಲು ಜಾಗವಿಲ್ಲದವರು. ಸುತ್ತಲ ಊರುಗಳಲ್ಲಿ ಮುಸಲ್ಮಾನರಿಗೆ ಏನೇನಾಯಿತೆಂದು ನಾನು ಬರೆಯಲಾರೆ. ನೋಡಿದವರು ಕೂಡ ಆಮೇಲೆ ಅದರ ಮಾತೆತ್ತಲಿಲ್ಲ.

ಒಂದು ಮುಂಜಾನೆ ಖಾಲಾ ಹಿತ್ತಲ ಬಾಗಿಲಿನಿಂದ ಮಗನನ್ನು ಎಳೆದುಕೊಂಡು ಒಳಗೆ ಬಂದಳು. ಅವನ ಮೈಮೇಲೆ ಖಾಕಿ ಅಂಗಿ ಇತ್ತು. ಬಿಚ್ಚಿ ಒಗೆದರೆ ಹಾಕಿಕೊಳ್ಳಲು ಬೇರೆ ಇರಲಿಲ್ಲವೋ, ಹೆದರಿಕೆಯಲ್ಲಿ ತೋಚಲಿಲ್ಲವೋ. ನಿಮ್ಮ ಅಜ್ಜನ ಅಳತೆಯ ಅಂಗಿ, ಭುಜ ಮೊಣಕೈಯವರೆಗೆ ಇಳಿದಿತ್ತು. ಕಾಲರಿನ ಎಡಗಡೆ ಸೊಟ್ಟ ಹೊಲಿಗೆ. ನನ್ನದೇ.

ಅತ್ತೆ ಅವನನ್ನು ಜೋಳದ ಕಣಜದ ಹಿಂದೆ ತಳ್ಳಿದರು. ನಾನು ಅಂಗಿಯನ್ನು ಕಸಿದುಕೊಂಡು ಬಾಗಿಲ ಹಿಂದೆ ಕುಳಿತು ಹೊಲಿಗೆ ಬಿಚ್ಚತೊಡಗಿದೆ. ಅಂಗಿ ಸಿಕ್ಕರೆ ಅವನು ಉಳಿಯುತ್ತಿರಲಿಲ್ಲ, ನಾವೂ ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ಪಡಸಾಲೆಯ ಮುಂದೆ ಸದ್ದು. ಸಂದಿಯಿಂದ ನೋಡಿದೆ. ನಮ್ಮ ಊರವರೇ, ಮೂವತ್ತು ನಲವತ್ತು ಮಂದಿ, ಕೈಯಲ್ಲಿ ಬಡಿಗೆ, ಕೊಡಲಿ. ಎಲ್ಲರ ರಟ್ಟೆಗೂ ಒಂದೇ ಥಾನಿನಿಂದ ಹರಿದ ಬಟ್ಟೆಯ ಪಟ್ಟಿ.

ಮಾವ ಮಿಶನ್ ತುಳಿಯುತ್ತಲೇ ಇದ್ದರು.

“ಮುತ್ಯಾ, ಟಾಂಗಾದವ ಈ ಕಡಿ ಬಂದಾನೇನು?” ಮುಂದಿದ್ದವನು ಊರಗೌಡರ ತಮ್ಮ.

ಮಾವ ಸುಳ್ಳು ಹೇಳುವವರಲ್ಲ. ಜೀವಮಾನದಲ್ಲಿ ಹೇಳಿದವರಲ್ಲ. ನನ್ನ ಬೆರಳು ದಾರದ ಮೇಲೆಯೇ ನಿಂತಿತು.

“ಭಾಳ ಮಂದಿ ಬಂದೀರಿ,” ಅಂದರು ಮಾವ. “ಕೂಡ್ರಿ. ಸೊಸಿ ಪೇಪರ್ ಓದ್ತಾಳ, ಕೇಳ್ರಿ.”

“ಮುತ್ಯಾ, ಇವತ್ತರೆ ನಿನ್ನ ಇಟಲಿ ಬಿಡು!”

“ಓದವ್ವಾ!”

ಬಾಗಿಲ ಸಂದಿಯಿಂದ ಕಾಗದದ ಒಂದು ಎದೆ ಒಳಗೆ ಬಂತು. ಮಕ್ಕಳೇ, ಪರಗಂಡಸರ ಮುಂದೆ ನಾನು ಅಂದಿನವರೆಗೆ ಉಸಿರು ಬಿಟ್ಟವಳಲ್ಲ. ಆದರೆ ಮಾವ ಯಾಕೆ ಕೂಗಿದರೆಂದು ನನಗೆ ತಿಳಿಯಿತು. ಆ ಕಾಲದಲ್ಲಿ ಸೊಸೆಯ ದನಿ ಕೇಳಿದ ಬಾಗಿಲನ್ನು ಯಾವ ಗಂಡಸೂ ದಾಟುತ್ತಿರಲಿಲ್ಲ. ಮೊದಲ ಸಾಲಿಗೆ ದನಿಯೇ ಬರಲಿಲ್ಲ. ಎರಡನೆಯದಕ್ಕೆ ಬಂತು. ಎಡಗೈಯಲ್ಲಿ ಕಾಗದ ಹಿಡಿದು ಓದುತ್ತ, ಬಲಗೈಯಿಂದ ಮೊಣಕಾಲ ಮೇಲಿದ್ದ ಅಂಗಿಯ ದಾರ ಎಳೆಯುತ್ತ ಹೋದೆ. ಕರಿ ಅಂಗಿಯವರು ಒಂದು ಹಳ್ಳಿ ಹೊಕ್ಕರು. ಒಬ್ಬ ಮನುಷ್ಯನನ್ನು ಅವನ ಮನೆಯಿಂದ ಎಳೆದು ತಂದರು. ನೆರೆಯವರು ಕಿಟಕಿಯಲ್ಲಿ ನಿಂತು ನೋಡಿದರು. ಅವರಲ್ಲಿ ಯಾರೂ...

“ಮುಂದ?” ಅಂದರು ಮಾವ.

“ಮುಂದ ಕಂಕುಳರಿ. ಕತ್ತರಿಸೇದ.”

ಯಾರೋ ಅಭ್ಯಾಸಬಲದಿಂದ ಪುಸಕ್ಕನೆ ನಕ್ಕ. ಮಿಶನ್ ನಿಂತಿತು. ಮಾವ ಬಾಯಿಂದ ಟಾಚಣಿಗಳನ್ನು ಒಂದೊಂದಾಗಿ ತೆಗೆದು ಹಲಗೆಯ ಮೇಲಿಟ್ಟರು. ಟಾಚಣಿಯಿಲ್ಲದ ಅವರ ದನಿ ಬೇರೆಯೇ ಇತ್ತು, ಮುದಿ ದನಿ.

“ಈ ಮಾತಿನ ಮುಂದ ಏನಿತ್ತಂತ ನನಗ ಗೊತ್ತಿಲ್ಲ. ನಾನ ಕತ್ತರಿಸಿ ಒಗದೇನಿ, ನನ್ನ ತಪ್ಪು. ನೀವರೆ ಹೇಳ್ರಪಾ. ಕಿಟಕ್ಯಾಗ ನಿಂತವ್ರು, ಅವ್ರಾಗ ಯಾರೂ, ಏನ್ ಮಾಡಿದ್ರು?”

ಮಾವ ಒಬ್ಬೊಬ್ಬರ ಮುಖ ನೋಡುತ್ತ ಕಾದರು. ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಬಿಡುವ ಜನ ಅವರಲ್ಲ, ಊರಿಗೇ ಅದು ಗೊತ್ತು. ಹಿಂದಿನಿಂದ ಒಬ್ಬ ಗೊಣಗಿದ: “ನಡೀರೋ, ಇದು ಸಂಜಿತನಾ ಮುಗ್ಯಾಂಗಿಲ್ಲ.” ಇಬ್ಬರು ಹೊರಟರು. ಆಮೇಲೆ ಹತ್ತು ಜನ. ಒಬ್ಬೊಬ್ಬರಾಗಿ ಕರಗುತ್ತ ಹೋಗಿ ಗೌಡರ ತಮ್ಮನೂ ಇನ್ನು ನಾಲ್ವರೂ ಉಳಿದರು. ಮಾವ ಎದ್ದು ಟೇಪನ್ನು ಗೌಡರ ತಮ್ಮನ ಎದೆಗೆ ಸುತ್ತಿದರು. “ಹೋದ ವರ್ಷ ಮೂವತ್ತಾರಿತ್ತು. ಯಾಕೋ ಉಬ್ಬೇದಲ್ಲ. ಉಸಿರ ಬಿಡಪಾ.”

ಅವನು ಟೇಪನ್ನು ಕಿತ್ತೊಗೆದ. ಗೋಡೆಯ ಮೇಲಿದ್ದ ತನ್ನದೆನಿಸಿದ ಅಚ್ಚನ್ನು ಹರಿದ, ಬೇರೆಯವರದನ್ನೂ ಕೈಗೆ ಸಿಕ್ಕಷ್ಟು ಹರಿದ. ಆದರೆ ಬಾಗಿಲು ದಾಟಲಿಲ್ಲ. ಹೋಗುವಾಗ ಖಾಲಾಳ ಮನೆಗೂ ಟಾಂಗಾಕ್ಕೂ ಬೆಂಕಿ ಇಟ್ಟರು. ಅದನ್ನು ನಾವು ತಪ್ಪಿಸಲಾಗಲಿಲ್ಲ.

ಮಧ್ಯಾಹ್ನ ನಿಮ್ಮ ಅಜ್ಜ ಗಾಡಿ ಕಟ್ಟಿ, ಅರಿವೆ ಗಂಟುಗಳ ಅಡಿಯಲ್ಲಿ ಖಾಲಾಳ ಮಗನನ್ನು ಮಲಗಿಸಿ, ಖಾಲಾಗೆ ನನ್ನ ಸೀರೆ ಉಡಿಸಿ ಬೀದರಿಗೆ ಮುಟ್ಟಿಸಿ ಬಂದರು. ತಾಯಿಮಗ ಇಬ್ಬರೂ ಮತ್ತೆ ಹಲಬರ್ಗಾಕ್ಕೆ ಬರಲಿಲ್ಲ. ನಿಮ್ಮ ದೊಡ್ಡತ್ತೆ ಹುಟ್ಟಿದಾಗ ಯಾರದೋ ಕೈಯಲ್ಲಿ ಒಂದು ಸಣ್ಣ ಅಂಗಿ ಬಂತು. ಚೀಟಿ ಇರಲಿಲ್ಲ. ಕಾಜ ನೋಡಿದರೆ ಸಾಕಿತ್ತು, ಯಾರು ಕಳಿಸಿದ್ದೆಂದು ತಿಳಿಯಿತು.

ಮಾವ ಅದಾದ ಮೇಲೆ ಆರೇಳು ವರ್ಷ ಬದುಕಿದ್ದರು. ಬುದ್ಧಿ ಬರಲಿಲ್ಲ, ಇಟಲಿ ಬಿಡಲಿಲ್ಲ. ಹರಿದ ಅಚ್ಚುಗಳನ್ನು ಅಂಬಲಿ ಹಚ್ಚಿ ಅಂಟಿಸಿ ಮತ್ತೆ ಓದಿಸಿದರು. ನಾನು ಮತ್ತೆ ಬೇಸರಪಟ್ಟೆ. ಕಡೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ಟಾಚಣಿ ಕಚ್ಚಲು ಆಗುತ್ತಿರಲಿಲ್ಲ, ತುಟಿ ಬರಿದಾಗಿ ಕಾಣುತ್ತಿತ್ತು. ಆಗ ಸೆರಗು ಹೊದ್ದು ಅವರ ಎದುರೇ ಕೂಡುತ್ತಿದ್ದೆ. ಒಂದು ಸಂಜೆ ಕಣ್ಣು ತೆರೆದು, “ಯವ್ವಾ, ಆ ಕಂಕುಳದಾಗ ಏನಿತ್ತು?” ಎಂದರು.

ನನಗೆ ಸಾಕಾಗಿತ್ತು. “ಅವರಲ್ಲಿ ಯಾರೂ ಸುಮ್ಮನ ನಿಲ್ಲಲಿಲ್ಲ ಅಂತ ಇತ್ತರಿ ಮಾವ,” ಅಂದೆ.

ಅವರು ನಕ್ಕರು. “ಸುಳ್ಳ ಓದ್ತಿ,” ಅಂದರು. “ಇರ್ಲಿ. ಹಂಗ ಓದು.”

ಎರಡು ದಿನಕ್ಕೆ ತೀರಿಕೊಂಡರು.

ನಾನು ಹೊಲಿದದ್ದು ಇಪ್ಪತ್ತು, ಬಿಚ್ಚಿದ್ದು ಒಂದು. ಉಳಿದವುಗಳನ್ನು ತೊಟ್ಟು ಯಾರು ಏನು ಮಾಡಿದರೋ, ಅದರ ಪಾಲು ನನ್ನದೂ ಇದೆ. ಮಾವ ಅದನ್ನು ನನಗೆ ಎಂದೂ ಎತ್ತಿ ಆಡಲಿಲ್ಲ. ಆ ಒಂದನ್ನು ಬಿಚ್ಚಲು ನನಗೆ ಹೊತ್ತು ದೊರಕಿಸಿಕೊಟ್ಟರು. ಯಾವ ಮಾತಿನಿಂದ ಊರೆಲ್ಲ ಬೇಸತ್ತಿತ್ತೋ ಅದೇ ಮಾತಿನಿಂದ.

ನಿಮ್ಮ ಮನೆಯಲ್ಲಿ ಕಾಗದಕ್ಕೆ ಬೆಲೆಯಿಲ್ಲ, ಕತ್ತರಿ ಎಲ್ಲರ ಕೈಗೂ ಸಿಗುತ್ತದೆ. ಈ ಹಾಳೆಗಳನ್ನು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಆ ದಿನ ಓದಿದ ಎದೆಯ ಅಚ್ಚಿನ ಜೊತೆ ಇಟ್ಟಿದ್ದೇನೆ. ಯಾರೂ ಇವಕ್ಕೆ ಕತ್ತರಿ ಹಚ್ಚದಂತೆ ನೋಡಿಕೊಳ್ಳಿ. ಮುಂದೆ ಓದುವವರು ನಡುವೆ ನಿಂತು “ಮುಂದ?” ಎಂದು ಕೇಳುವಂತಾಗಬಾರದು.